ಎರಡನೇ ಕೌಂಟರಿನ ನಡುಗುವ ಪಟ್ಟಿ

ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಸಿಕ್ಕಿದರೆ ಕೇಳುತ್ತಾರೆ, "ಮೇಡಂ, ನೀವು ಇಷ್ಟು ವರ್ಷ ಎಂಥ ಮಾಡಿದ್ದು?" ಒಂದು ಪಟ್ಟಿಯನ್ನು ಕೆಳಗೆ ಇಳಿಸಿದೆ, ಪುನಃ ಮೇಲೆ ಹತ್ತಿಸಿದೆ, ಅಷ್ಟೇ ಅನ್ನುತ್ತೇನೆ. ತಮಾಷೆ ಅಂತ ಅವರು ನಗುತ್ತಾರೆ. ನಾನು ಹೇಳಿದ್ದು ಸತ್ಯವೇ. ಬಿ.ಸಿ. ರೋಡಿನಲ್ಲಿ ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಆಫೀಸು. ಅಂಗಡಿ, ಆಸ್ಪತ್ರೆ, ಶಾಲೆಗಳಿಗೆ ಪ್ರೋಗ್ರಾಮ್ ಬರೆದುಕೊಡುವುದು ನಮ್ಮ ಕಸುಬು. ಲೆಕ್ಕಾಚಾರದ ಭಾಗವನ್ನು ಬೇರೆಯವರು ನೋಡಿಕೊಂಡರು. ಪರದೆಯ ಮೇಲೆ ಕಣ್ಣಿಗೆ ಕಾಣುವುದೆಲ್ಲ ನನ್ನ ಪಾಲಿಗೆ ಬಂತು.

ಪಟ್ಟಿ ಅಂದರೆ ದೊಡ್ಡ ಸಂಗತಿಯೇನಲ್ಲ. ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ತೆರೆದರೆ ಒಂದು ಕಿಟಕಿ ಕಾಣುತ್ತದಲ್ಲ, ಅದರ ಮೇಲಿನ ಅಂಚಿಗೆ ಮೌಸಿನ ಬಾಣ ಮುಟ್ಟಿದರೆ ಒಳಗಿಂದ ಬೂದು ಬಣ್ಣದ ಒಂದು ಪಟ್ಟಿ ಜಾರಿ ಕೆಳಗೆ ಬರುತ್ತದೆ. ಅದರಲ್ಲಿ ಬಟನುಗಳು ಇರುತ್ತವೆ. ಬೇಕಾದ್ದನ್ನು ಒತ್ತಿ ಬಾಣವನ್ನು ಕೆಳಗೆ ತಂದರೆ ಪಟ್ಟಿ ಮೇಲೆ ಹೋಗಿ ಅಡಗಿ ಕೂರುತ್ತದೆ. ಆಗಿನ ಕಂಪ್ಯೂಟರಿನ ಪರದೆ ಚಿಕ್ಕದು, ಜಾಗ ಉಳಿಸಲಿಕ್ಕೆ ಈ ಉಪಾಯ. ಇಂಗ್ಲಿಷಿನಲ್ಲಿ ಅದನ್ನು ಬಾರ್ ಅನ್ನುತ್ತಾರೆ. ಆಫೀಸಿನಲ್ಲಿ ಕೂತು ಹೆಂಗಸೊಬ್ಬಳು ದಿನವಿಡೀ ಬಾರ್ ಬಾರ್ ಅಂತ ಬೊಬ್ಬೆ ಹೊಡೆದರೆ ಚಂದವಾ? ಹಾಗಾಗಿ ಪಟ್ಟಿ ಅಂತ ಕರೆದೆವು.

ಈಗಲೂ ಮಧ್ಯಾಹ್ನ ಊಟ ಮಾಡಿ ಹೊಳೆ ಕಡೆಯ ಕೋಣೆಯಲ್ಲಿ ಅಡ್ಡಾದರೆ ಕಣ್ಣು ಮುಚ್ಚುವ ಹೊತ್ತಿಗೆ ಅದು ಬರುತ್ತದೆ. ರೆಪ್ಪೆಯ ಒಳಗೆ, ಮೇಲಿನಿಂದ, ಸದ್ದಿಲ್ಲದೆ. ಕೆಳಗಿನ ಅಂಚಿನಲ್ಲಿ ನಾನೇ ಬಿಡಿಸಿದ ತೆಳ್ಳಗಿನ ನೆರಳು. ಮೊದಲು ಬೇಗ ಬೇಗ ಇಳಿಯುತ್ತದೆ, ತಳ ಹತ್ತಿರವಾದ ಹಾಗೆ ಮೆಲ್ಲಗಾಗುತ್ತದೆ, ನಿಂತದ್ದೇ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತದೆ. ಎದ್ದ ಮೇಲೂ ಸ್ವಲ್ಪ ಹೊತ್ತು ನಾನು ಆಫೀಸಿನಲ್ಲಿ ಇದ್ದೇನೋ ಮನೆಯಲ್ಲಿ ಇದ್ದೇನೋ ಅಂತ ಗೊಂದಲ. ಕೆಳಗಿನ ಬೇಕರಿಯಿಂದ ಬನ್ನಿನ ಪರಿಮಳ ಬಂದ ಹಾಗೂ ಆಗುತ್ತದೆ.

ಮೊದಮೊದಲು ಅದು ಹೀಗೆ ಚಂದ ಇಳಿಯುತ್ತಿರಲಿಲ್ಲ ಬಿಡಿ. ಸುರುವಿಗೆ ಪಟ್ಟಿಯನ್ನು ನೇರವಾಗಿ ಪರದೆಯ ಮೇಲೆಯೇ ಬಿಡಿಸುತ್ತಿದ್ದೆ. ಅಳಿಸುವುದು, ಸ್ವಲ್ಪ ಕೆಳಗೆ ಪುನಃ ಬಿಡಿಸುವುದು. ಅಳಿಸಿದ್ದೂ ಕಾಣುತ್ತಿತ್ತು, ಬಿಡಿಸಿದ್ದೂ ಕಾಣುತ್ತಿತ್ತು. ಹಾಳಾದ ಟ್ಯೂಬ್‌ಲೈಟಿನ ಹಾಗೆ ಪಿಳಿಪಿಳಿ. ಆಮೇಲೆ ಕಲಿತೆ, ಹಿಂದೆ ಕಾಣದ ಒಂದು ಹಾಳೆಯಲ್ಲಿ ಇಡೀ ಚಿತ್ರವನ್ನು ಬಿಡಿಸಿ ಮುಗಿಸಿ, ಆಮೇಲೆ ಒಮ್ಮೆಗೇ ಎದುರಿಗೆ ತೋರಿಸುವುದು. ಈಗ ನಿಮಗೆ ಇದೆಲ್ಲ ತಯಾರಾಗಿ ಸಿಗುತ್ತದೆ, ನೀವು ಪುಣ್ಯವಂತರು.

ಪಿಳಿಪಿಳಿ ನಿಂತದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಪಟ್ಟಿ ತಳಕ್ಕೆ ಬಂದು ಚೆಂಡಿನ ಹಾಗೆ ಒಮ್ಮೆ ಪುಟಿದು ನಿಲ್ಲುವ ಹಾಗೆ ಮಾಡಿದೆ. ಕಲ್ಲಡ್ಕದ ಒಂದು ಹಾರ್ಡ್‌ವೇರ್ ಅಂಗಡಿಗೆ ಅದನ್ನೇ ಹಾಕಿಕೊಟ್ಟೆ. ಅಲ್ಲಿಯ ರೈಟರು ವಯಸ್ಸಾದವರು, ಬಿಲ್ಲು ಮಾಡುವುದು ಅವರೇ. ಪಟ್ಟಿ ಇಳಿದಾಗ ಒಮ್ಮೆ ತಲೆ ಹಿಂದಕ್ಕೆ ಎಳೆದುಕೊಂಡರು. ಪುಟಿದಾಗ ಪುನಃ ಎಳೆದುಕೊಂಡರು. "ಇದು ನನ್ನ ಮೂಗಿಗೆ ಪೆಟ್ಟು ಕೊಡ್ತದಾ ಹೇಗೆ? ತಲೆ ತಿರುಗ್ತದೆ ಮಾರಾಯ್ತಿ, ಎಂಥದೂ ಬೇಡ, ಒಂದು ಕಡೆ ಸುಮ್ಮನೆ ನಿಲ್ಲಲಿ," ಅಂದರು. ನನಗೆ ಸಿಟ್ಟು ಬಂತು. ಇಷ್ಟು ಚಂದ ಮಾಡಿದ್ದೇನೆ, ಇವರಿಗೆ ರುಚಿ ಗೊತ್ತಿಲ್ಲ ಅಂತ ಬಸ್ಸಿನಲ್ಲಿ ಇಡೀ ದಾರಿ ಗೊಣಗಿದೆ. ಆಫೀಸಿಗೆ ಬಂದು ಪುಟಿಯುವುದನ್ನು ತೆಗೆದೆ.

ನಮ್ಮ ಧಣಿ ಪ್ರಭುಗಳಿಗೆ ಪರದೆಯ ಮೇಲೆ ಯಾವುದು ಚಲಿಸಿದರೂ ಆಗುತ್ತಿರಲಿಲ್ಲ. ಆಫೀಸು ಕಟ್ಟಿದ್ದೂ ಅವರೇ, ಸಂಬಳ ಕೊಡುವುದೂ ಅವರೇ. "ವಾರಿಜಾ, ಗಿರಾಕಿ ಬಂದದ್ದು ಬಿಲ್ಲು ಮಾಡ್ಲಿಕ್ಕೆ, ನಾಟಕ ನೋಡ್ಲಿಕ್ಕೆ ಅಲ್ಲ. ಮುಟ್ಟಿದ ಕೂಡ್ಲೆ ಬರ್ಬೇಕು, ಬಿಟ್ಟ ಕೂಡ್ಲೆ ಹೋಗ್ಬೇಕು," ಅನ್ನುವುದು ಅವರ ಮಂತ್ರ. ಒಳ್ಳೆಯ ಮನುಷ್ಯ, ಆದರೆ ಬಾಯಿ ಜೋರು. ನಾನೂ ಕಡಿಮೆ ಇರಲಿಲ್ಲ. ಒಮ್ಮೆಗೇ ಬಂದು ಒಮ್ಮೆಗೇ ಹೋದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಜನರಿಗೆ ತಿಳಿಯುವುದಿಲ್ಲ ಸಾರ್ ಅಂತ ವಾದ ಮಾಡುತ್ತಿದ್ದೆ. ಕೊನೆಗೆ ಇಬ್ಬರೂ ರಾಜಿಯಾದೆವು. ಪಟ್ಟಿ ಜಾರಿಯೇ ಬರಲಿ, ಆದರೆ ಬೇಗ. ಬಾಣ ಅಂಚನ್ನೂ ಪಟ್ಟಿಯನ್ನೂ ಬಿಟ್ಟ ಕ್ಷಣವೇ ಮೇಲೆ ಹೋಗಬೇಕು.

ಆ ರಾಜಿಯ ಪಟ್ಟಿಯನ್ನೇ ಮೂಡಬಿದ್ರೆಯ ಒಂದು ಆಸ್ಪತ್ರೆಗೆ ಹಾಕಿದ್ದು. ಅಲ್ಲಿ ಚೀಟಿ ಮಾಡಿಸುವ ಕೌಂಟರು ಎರಡು. ಮೊದಲನೆಯದರಲ್ಲಿ ಒಬ್ಬ ಹುಡುಗ, ಎರಡನೆಯದರಲ್ಲಿ ಲೀಲಕ್ಕ. ಲೀಲಕ್ಕ ಬೆಳುವಾಯಿಯವಳು, ತಾಯಿ ಮತ್ತು ಅವಳು ಇಬ್ಬರೇ. ಆಸ್ಪತ್ರೆ ಸುರುವಾದಾಗಿನಿಂದ ಅವಳು ಅದೇ ಕುರ್ಚಿಯಲ್ಲಿ. ನಮ್ಮ ಕಡೆ ಒಂದೇ ಹೆಸರಿನವರು ಊರು ತುಂಬ ಇರುತ್ತಾರಲ್ಲ, ಅವಳು ಹೆಸರು ಕೇಳುವುದೇ ಇಲ್ಲ, "ಯಾವ ಮನೆ?" ಅಂತ ಕೇಳುತ್ತಾಳೆ. ಮನೆ ಹೇಳಿದರೆ ಆಯ್ತು, ಅತ್ತೆಯ ಸೊಂಟನೋವು ಹೇಗುಂಟು, ತಮ್ಮ ದುಬೈಯಿಂದ ಬಂದನಾ ಅಂತ ವಿಚಾರಿಸಿಯೇ ಚೀಟಿ ಕೊಡುವುದು. ಮೊದಲನೇ ಕೌಂಟರು ಖಾಲಿ ಇದ್ದರೂ ಜನ ಅವಳ ಎದುರೇ ಸಾಲು ನಿಲ್ಲುತ್ತಿದ್ದರು.

ದೂರು ಬಂದದ್ದು ಆ ಕೌಂಟರಿನಿಂದ. ಎರಡನೇ ಕೌಂಟರಿನಲ್ಲಿ ಪಟ್ಟಿ ನಡುಗುತ್ತದೆ ಅಂತ. ಇಳಿಯುತ್ತದೆ, ಅರ್ಧಕ್ಕೆ ಮಾಯವಾಗುತ್ತದೆ, ಪುನಃ ಮೇಲಿನಿಂದ ಸುರು, ಪುನಃ ಮಾಯ. ಬಟನ್ ಒತ್ತಲಿಕ್ಕೇ ಕೊಡುವುದಿಲ್ಲ. ಆಸ್ಪತ್ರೆಯ ಆಡಳಿತ ನೋಡುವ ಭಂಡಾರಿಯವರು ಫೋನಿನಲ್ಲಿ ಪ್ರಭುಗಳಿಗೆ ಸಮಾ ಬೈದರು. ನಾನು ಮೂಡಬಿದ್ರೆಗೆ ಓಡಿದೆ. ಲೀಲಕ್ಕನ ಕುರ್ಚಿಯಲ್ಲಿ ಕೂತು ನಾನು ನೋಡಿದರೆ ಎಲ್ಲ ಸರಿ. ಪಟ್ಟಿ ಬೆಣ್ಣೆಯ ಹಾಗೆ ಇಳಿಯುತ್ತದೆ, ಹತ್ತುತ್ತದೆ. ನಾನು ಎದ್ದು ಆಚೆ ಹೋದರೆ ಪುನಃ ಅದೇ ಕಥೆ.

ಮೌಸು ಬದಲಿಸಿದೆ. ಕಂಪ್ಯೂಟರನ್ನೇ ಬದಲಿಸಿದೆ. ಆಗ ಅಲ್ಲಿಯ ಎಲೆಕ್ಟ್ರಿಷಿಯನ್ ಗೋಪಣ್ಣ ಬಂದು ಗೋಡೆಗೆ ಕೈ ಇಟ್ಟು, ಕಣ್ಣು ಸಣ್ಣ ಮಾಡಿ, "ಮೇಡಂ, ಇದು ಅರ್ತ್," ಅಂದ. ಬೇಸಗೆಯಲ್ಲಿ ನಮ್ಮ ಮುರಕಲ್ಲಿನ ನೆಲ ಒಣಗಿ ಬಿರುಕು ಬಿಡುತ್ತದೆ, ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿನ ಗುಂಡಿಯಲ್ಲಿ ಪಸೆ ಇರುವುದಿಲ್ಲ, ಆಗ ಮೆಷಿನುಗಳು ಪಿರಿಪಿರಿ ಮಾಡುವುದು ಸುಳ್ಳಲ್ಲ. ನಮ್ಮ ಊರಿನಲ್ಲಿ ಫ್ರಿಜ್ಜು ಹಾಳಾದರೂ ಅರ್ತ್, ಟಿವಿ ಗೆರೆ ಬಿದ್ದರೂ ಅರ್ತ್. ಪ್ರೋಗ್ರಾಮ್ ಓದಿದ ನಾನೂ ಅದಕ್ಕೆ ತಲೆ ಅಲ್ಲಾಡಿಸಿದೆ ನೋಡಿ! ಆಸ್ಪತ್ರೆಯ ಹಿಂದೆ ಹೊಸ ಗುಂಡಿ ತೋಡಿಸಿದೆವು. ಇದ್ದಿಲು, ಉಪ್ಪು, ತಾಮ್ರದ ತಗಡು ಎಲ್ಲ ಹಾಕಿಸಿದೆವು. ದಿನಾ ಒಂದು ಕೊಡ ನೀರು ಹೊಯ್ಯಬೇಕು ಅಂತ ಗೋಪಣ್ಣ ಹೇಳಿದ. ಯಾರು ಹೊಯ್ಯುವುದು ಅಂತ ಭಂಡಾರಿಯವರು ಕೇಳುವ ಮೊದಲೇ ಲೀಲಕ್ಕ, "ನಾನು ಹೊಯ್ತೇನೆ ಸಾರ್," ಅಂದಳು. ಬೆಳಿಗ್ಗೆ ಬಂದವಳೇ ಸೆರಗು ಸಿಕ್ಕಿಸಿ, ಕೊಡ ಸೊಂಟದಲ್ಲಿ ಇಟ್ಟು, ಅಷ್ಟು ಶ್ರದ್ಧೆಯಿಂದ ಹೊಯ್ಯುತ್ತಿದ್ದಳು. ಪಟ್ಟಿ ಮಾತ್ರ ನಡುಗುತ್ತಲೇ ಇತ್ತು.

ಇನ್ನು ಮುಂದಿನದ್ದನ್ನು ಲೀಲಕ್ಕನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರನ್ನೂ ಬದಲಿಸಿದ್ದೇನೆ.

ಒಂದು ಬೆಳಿಗ್ಗೆ ಬೇರೆ ದಾರಿ ಕಾಣದೆ ಅವಳ ಪಕ್ಕದಲ್ಲೇ ಸ್ಟೂಲು ಹಾಕಿ ಕೂತೆ. ಪರದೆ ನೋಡಿ ನೋಡಿ ಬೇಜಾರು ಬಂದು, ಸುಮ್ಮನೆ ಕೆಳಗೆ ನೋಡಿದೆ. ಮೇಜಿನ ಮೇಲೆ ಅವಳ ಬಲಗೈ ಮೌಸಿನ ಮೇಲಿತ್ತು. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಹಿಡಿದರೂ ಬಲಗೈ ನಡುಗುತ್ತಿತ್ತು. ಬಾಣ ಅಂಚನ್ನು ಮುಟ್ಟುತ್ತಿತ್ತು, ಬಿಡುತ್ತಿತ್ತು, ಮುಟ್ಟುತ್ತಿತ್ತು. ನಾನು ತಲೆ ಎತ್ತಿದೆ. ಲೀಲಕ್ಕ ನನ್ನನ್ನೇ ನೋಡುತ್ತಿದ್ದಳು.

ಸಾಲು ಕರಗಿದ ಮೇಲೆ ನನ್ನನ್ನು ಹಿಂದಿನ ಬಾಗಿಲಿಗೆ ಕರೆದುಕೊಂಡು ಹೋದಳು. ಮಾತಾಡಿದ್ದು ತುಳುವಿನಲ್ಲಿ. "ಮೇಡಂ, ನೀವು ಅರ್ತ್ ಅಂತಲೇ ಹೇಳಿ ಆಯ್ತಾ?" ಅಂದಳು.

"ಎಷ್ಟು ಸಮಯದಿಂದ ಉಂಟು ಇದು?"

"ಇತ್ತೀಚೆಗೆ ಜಾಸ್ತಿ. ಅಜ್ಜನಿಗೂ ಇತ್ತು. ಸಾಯುವ ರೋಗ ಏನಲ್ಲ, ಕೈ ಮಾತು ಕೇಳುದಿಲ್ಲ ಅಷ್ಟೇ."

"ಡಾಕ್ಟರಿಗೆ ತೋರಿಸುವ ಮಾರಾಯ್ತಿ. ಆಸ್ಪತ್ರೆಯಲ್ಲೇ ಇದ್ದೀರಲ್ಲ!"

"ತೋರಿಸಿದರೆ ಭಂಡಾರಿ ಸಾರಿಗೆ ಗೊತ್ತಾಗ್ತದೆ. ಕೂಡ್ಲೆ ನನ್ನನ್ನು ಹಿಂದೆ ಬಟ್ಟೆ ಕೋಣೆಗೆ ಹಾಕ್ತಾರೆ. ಹಾಸಿಗೆ ಬಟ್ಟೆ ಮಡಚುವ ಕೆಲಸ. ಸಂಬಳ ಅದೇ ಕೊಡ್ತಾರೆ, ಅದಲ್ಲ ನನ್ನ ಬೇಜಾರು. ಅಲ್ಲಿ ನನ್ನ ಹತ್ತಿರ ಮಾತಾಡ್ಲಿಕ್ಕೆ ಯಾರು ಬರ್ತಾರೆ ಮೇಡಂ? ಹೊರಗೆ ಇವರೆಲ್ಲ ಬಂದು ಲೀಲಕ್ಕ ಲೀಲಕ್ಕ ಅಂತಾರೆ. ಇದು ಹೋದರೆ ನನಗೆ ಬೇರೆ ಎಂಥ ಉಂಟು?"

ಹಾಗಾದರೆ ದಿನಾ ಆ ಗುಂಡಿಗೆ ನೀರು ಯಾಕೆ ಹೊಯ್ತಿದ್ದಿರಿ ಅಂತ ಕೇಳಿದೆ. "ಯಾರಿಗೂ ಸಂಶಯ ಬರಬಾರದಲ್ಲ," ಅಂದಳು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ಆಫೀಸಿಗೆ ಬಂದರೆ ಪ್ರಭುಗಳು ಬಾಗಿಲಲ್ಲೇ ನಿಂತಿದ್ದರು. ಭಂಡಾರಿಯವರು ಕಡೇ ಮಾತು ಹೇಳಿ ಆಗಿತ್ತು. ಬರುವ ವಾರ ಅವರೇ ಎರಡನೇ ಕೌಂಟರಿನ ಹಿಂದೆ ನಿಂತು ನೋಡುತ್ತಾರೆ. ತಪ್ಪು ಪ್ರೋಗ್ರಾಮಿನದ್ದಾದರೆ ಪ್ರೋಗ್ರಾಮ್ ಬದಲು, ಜನದ್ದಾದರೆ ಜನ ಬದಲು. "ಒಂದೇ ಮಾತು ಹೇಳು ವಾರಿಜಾ, ತಪ್ಪು ನಮ್ಮದಾ, ಅವರದ್ದಾ?" ಅಂತ ಪ್ರಭುಗಳು ಕೇಳಿದರು.

"ನಮ್ಮದು," ಅಂದೆ.

"ಮೊನ್ನೆ ಸರಿ ಉಂಟು ಅಂದದ್ದು ನೀನೇ ಅಲ್ವಾ?"

"ಮೊನ್ನೆ ಸರಿಯಾಗಿ ನೋಡಿರಲಿಲ್ಲ ಸಾರ್."

ಅವರು ಬೈಯಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಸುಮ್ಮನೆ ಹೋಗಿ ಕುರ್ಚಿಯಲ್ಲಿ ಕೂತರು. ಆ ಆಸ್ಪತ್ರೆ ಕೈಬಿಟ್ಟರೆ ಬೆಳ್ತಂಗಡಿಯ ಇನ್ನೊಂದು ಆಸ್ಪತ್ರೆಯೂ ಬಿಡುತ್ತದೆ ಅಂತ ನಮಗಿಬ್ಬರಿಗೂ ಗೊತ್ತಿತ್ತು.

ಆಮೇಲೆ ನಾನು ಪ್ರೋಗ್ರಾಮಿನ ಕೋಡು ತೆಗೆದು ಕೂತೆ. ನನ್ನ ಬಲಗೈ ನಡುಗಿಸಿ ನಡುಗಿಸಿ ಮೌಸು ಹಿಡಿದೆ. ನೋಡಿದರೆ ಎಂಥ ಹೇಳಲಿ, ತಪ್ಪು ನಿಜವಾಗಿಯೂ ನಮ್ಮದೇ ಆಗಿತ್ತು! ಅರ್ಧ ಇಳಿದ ಪಟ್ಟಿ ತಿರುಗಬೇಕಾಗಿ ಬಂದರೆ ಇದ್ದಲ್ಲಿಂದಲೇ ತಿರುಗಬೇಕು. ನನ್ನದು ಹಾಗಲ್ಲ, ಪ್ರತಿ ಸಲ ಮಾಯವಾಗಿ ತುದಿಯಿಂದ ಪುನಃ ಹೊರಡುತ್ತಿತ್ತು. ಗಟ್ಟಿ ಕೈಯವರು ಯಾರೂ ಅರ್ಧದಲ್ಲಿ ತಿರುಗಿಸುವುದಿಲ್ಲವಾದ ಕಾರಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪ್ರಭುಗಳಿಗೆ ಸುಳ್ಳು ಹೇಳಿದೆ ಅಂತ ಇದ್ದ ಭಾರ ಇಳಿಯಿತು. ಆ ತಪ್ಪನ್ನು ತಿದ್ದಿದೆ. ತಿದ್ದಿದರೂ ಪಟ್ಟಿ ಈಗ ಮೇಲೆ ಕೆಳಗೆ ತೂಗಾಡುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ.

ಪುನಃ ಮೂಡಬಿದ್ರೆಗೆ ಹೋಗಿ ಬರುವಾಗ ಸಿದ್ಧಕಟ್ಟೆಯಲ್ಲಿ ಬಸ್ಸು ನಿಂತಿತು. ನಮ್ಮ ಕಡೆಯ ಬಸ್ಸಿನವರ ಅವಸರ ನಿಮಗೆ ಗೊತ್ತೇ ಉಂಟು, ಒಂದು ಕಾಲು ಒಳಗೆ ಬಂದರೆ ಸೀಟಿ. ಅವತ್ತಿನ ಕಂಡಕ್ಟರ್ ಬೇರೆ ಥರ. ಒಬ್ಬಳು ಅಜ್ಜಿ ಮೆಟ್ಟಿಲಿಗೆ ಕಾಲಿಟ್ಟಳು, ತೆಗೆದಳು, ಹಿಂದೆ ತಿರುಗಿ ಯಾರನ್ನೋ ಕರೆದಳು, ಪುನಃ ಕಾಲಿಟ್ಟಳು. ಡ್ರೈವರು ಎಂಜಿನನ್ನು ಗುರ್ ಗುರ್ ಅನ್ನಿಸುತ್ತಿದ್ದ. ಕಂಡಕ್ಟರ್ ಬಾಯಲ್ಲಿ ಸೀಟಿ ಇಟ್ಟುಕೊಂಡೇ ಕಾದ. ಅಜ್ಜಿ ಹತ್ತುತ್ತಾಳೋ ಇಳಿಯುತ್ತಾಳೋ ಅಂತ ಸರಿಯಾಗಿ ಗೊತ್ತಾಗುವ ತನಕ ಊದಲಿಲ್ಲ. ಅವಳು ಸೀಟಿನಲ್ಲಿ ಕೂತು ಚೀಲ ಮಡಿಲಿಗೆ ತೆಗೆದುಕೊಂಡ ಮೇಲೆ ಊದಿದ. ಬಸ್ಸು ಹೊರಟಿತು. ಕಿಟಕಿಯಿಂದ ಗಾಳಿ ಬರುತ್ತಿತ್ತು, ಗದ್ದೆಗಳು ಹಿಂದೆ ಹೋಗುತ್ತಿದ್ದವು, ನಾನು ಅರೆನಿದ್ದೆಯಲ್ಲಿ ಅದೇ ಪಟ್ಟಿಯನ್ನು ನೋಡುತ್ತಿದ್ದೆ. ಅದು ಇಳಿದು ಬಂದು, ಹೋಗಲಾ ಬೇಡವಾ ಅಂತ ಕಾಯುತ್ತಾ ನಿಂತಿತ್ತು. ಬಿ.ಸಿ. ರೋಡು ಬಂದದ್ದೇ ಗೊತ್ತಾಗಲಿಲ್ಲ, ಕಂಡಕ್ಟರೇ ಎಬ್ಬಿಸಿದ.

ಪಟ್ಟಿಗೂ ಅದನ್ನೇ ಕಲಿಸಿದೆ. ಬಾಣ ಅಂಚನ್ನು ಮುಟ್ಟಲೇಬೇಕಂತಿಲ್ಲ, ಹತ್ತಿರ ಬಂದರೆ ಸಾಕು, ಇಳಿ. ಇಳಿದ ಮೇಲೆ ಬಾಣ ಸ್ವಲ್ಪ ಆಚೆ ಈಚೆ ಹೋಯಿತು ಅಂತ ಓಡಬೇಡ. ಆ ಮನುಷ್ಯ ಖಂಡಿತ ಹೋದ ಅಂತ ಆಗುವ ತನಕ ನಿಂತಿರು. ಬಟನುಗಳನ್ನು ಅಗಲ ಮಾಡಿದೆ. ಒತ್ತುವಾಗ ಬೆರಳು ಜಾರಿದರೂ ಅದೇ ಬಟನ್ ಅಂತ ಹಿಡಿಯುವ ಹಾಗೆ ಮಾಡಿದೆ. ಎರಡನೇ ಕೌಂಟರಿಗೆ ಮಾತ್ರ ಹಾಕಿದರೆ ಜನ ಯಾಕೆ ಅಂತ ಕೇಳುತ್ತಾರೆ, ಹಾಗಾಗಿ ಎರಡೂ ಕೌಂಟರಿಗೆ, ಬೆಳ್ತಂಗಡಿಗೂ, ಕಲ್ಲಡ್ಕದ ರೈಟರಿಗೂ ಹಾಕಿಬಿಟ್ಟೆ. ಕೋಡಿನಲ್ಲಿ ಆ ಕಾಯುವ ಜಾಗದಲ್ಲಿ ಯಾಕೆ ಅಂತ ವಿವರಣೆ ಬರೆಯುವುದು ನಮ್ಮಲ್ಲಿ ಕ್ರಮ. ನಾನು ಬರೆಯಲಿಲ್ಲ.

ಭಂಡಾರಿಯವರು ನೋಡಲಿಕ್ಕೆ ಬಂದ ದಿನ ಲೀಲಕ್ಕನ ಕೈ ಹೆದರಿಕೆಗೆ ಇನ್ನೂ ಜಾಸ್ತಿ ನಡುಗುತ್ತಿತ್ತು. ನಾನು ಬೇಕೆಂದೇ ಅವಳ ಬಲಕ್ಕೆ, ಭಂಡಾರಿಯವರಿಗೆ ಮೇಜು ಕಾಣದ ಹಾಗೆ ನಿಂತೆ. ಪ್ರಭುಗಳು ಮೂಲೆಯಲ್ಲಿ ಬೆವರು ಒರೆಸುತ್ತಿದ್ದರು. ಒಬ್ಬರು ಅಜ್ಜ ಬಂದರು. "ಯಾವ ಮನೆ ಅಜ್ಜ?" ಅಂತ ಲೀಲಕ್ಕ ಕೇಳಿದಳು, ಸ್ವರ ಮಾತ್ರ ಎಂದಿನ ಹಾಗೇ ಇತ್ತು. ಬಾಣ ಮೇಲೆ ಹೋಯಿತು. ಪಟ್ಟಿ ಮೆಲ್ಲಗೆ ಇಳಿಯಿತು. ಬಾಣ ಅತ್ತ ಹೋಯಿತು, ಇತ್ತ ಬಂತು, ಪಟ್ಟಿ ಅಲ್ಲಾಡಲಿಲ್ಲ. ಅವಳು ಒತ್ತಿದಳು. ಚೀಟಿ ಬಂತು.

"ಸ್ವಲ್ಪ ನಿಧಾನ ಅಲ್ವಾ ಇದು?" ಅಂದರು ಭಂಡಾರಿಯವರು.

"ಆಸ್ಪತ್ರೆ ಅಲ್ವಾ ಸಾರ್. ಧಡಕ್ಕ ಅಂತ ಬಂದರೆ ಚಂದ ಅಲ್ಲ."

ಅವರು ಇನ್ನೂ ನಾಲ್ಕು ಚೀಟಿ ಆಗುವ ತನಕ ನಿಂತು ನೋಡಿ, "ಅರ್ತ್ ಸರಿಯಾಯ್ತು ನೋಡಿ. ನೀರು ಹಾಕುವುದು ಮಾತ್ರ ನಿಲ್ಲಿಸಬೇಡಿ," ಅಂದು ಹೋದರು. "ಹಾಕ್ತೇನೆ ಸಾರ್," ಅಂದಳು ಲೀಲಕ್ಕ. ಪ್ರಭುಗಳು ನನ್ನ ಹತ್ತಿರ ಬಂದು, ನೀನು ಒಬ್ಬಳು ದೊಡ್ಡ ಉಪದ್ರ ಮಾರಾಯ್ತಿ ಅಂದರು. ಅವರ ಬಾಯಿಂದ ಅದು ದೊಡ್ಡ ಹೊಗಳಿಕೆ.

"ಚಾ ಕುಡಿಯುವ ಬನ್ನಿ," ಅಂತ ಲೀಲಕ್ಕ ಕ್ಯಾಂಟೀನಿಗೆ ಕರೆದಳು. ಲೋಟ ಎತ್ತುವಾಗ ಚಾ ಚೆಲ್ಲಿ ಸೀರೆಯ ಮೇಲೆ ಬಿತ್ತು. ಅವಳು ಕೈ ಅಡಗಿಸಲಿಲ್ಲ. "ನಿಮ್ಮೆದುರು ಇನ್ನು ಎಂಥ ನಾಚಿಕೆ," ಅಂತ ನಕ್ಕಳು. ನಾವಿಬ್ಬರೂ ಗೆಳತಿಯರಾದದ್ದು ಆವತ್ತು.

ಆಮೇಲೆ ಕಾಲ ಬೇರೆಯಾಯಿತು. ಪ್ರೋಗ್ರಾಮುಗಳು ಒಂದೊಂದಾಗಿ ಬ್ರೌಸರಿಗೆ ಹೋದವು, ಪರದೆಗಳು ದೊಡ್ಡದಾದವು, ಪಟ್ಟಿ ಅಡಗಿ ಕೂರುವ ಅಗತ್ಯವೇ ಕಡಿಮೆಯಾಯಿತು. ಪ್ರಭುಗಳು ವಯಸ್ಸಾಯಿತು ಅಂತ ಆಫೀಸು ಮುಚ್ಚಿ, ಇದ್ದ ಗಿರಾಕಿಗಳನ್ನು ಮಂಗಳೂರಿನ ಒಂದು ಕಂಪೆನಿಗೆ ವಹಿಸಿಕೊಟ್ಟರು. ನಾನು ಮನೆಗೆ ಬಂದೆ. ಭಂಡಾರಿಯವರ ಜಾಗಕ್ಕೆ ಹೊಸಬರು ಬಂದರು. ಲೀಲಕ್ಕ ಮಾತ್ರ ಎರಡನೇ ಕೌಂಟರಿನಲ್ಲೇ ಇದ್ದಳು, ಅವಳ ನಿವೃತ್ತಿಗೆ ಆಗ ಇನ್ನೂ ಸಮಯ ಇತ್ತು. ಆಗಾಗ ಫೋನು ಮಾಡುತ್ತಿದ್ದಳು. ಕೈ ಹೇಗುಂಟು ಅಂದರೆ, "ಉಂಟು, ನನ್ನ ಜೊತೆಯಲ್ಲೇ ಉಂಟು," ಅನ್ನುತ್ತಿದ್ದಳು.

ಒಂದು ದಿನ ಪರಿಚಯವಿಲ್ಲದ ನಂಬರಿನಿಂದ ಫೋನು ಬಂತು. ಸಫ್ವಾನಾ ಅಂತ ಒಬ್ಬಳು ಹುಡುಗಿ, ಕನ್ಯಾನದವಳು, ಆ ಮಂಗಳೂರಿನ ಕಂಪೆನಿಗೆ ಹೊಸದಾಗಿ ಸೇರಿದವಳು. ಮಾತು ಮೆತ್ತಗೆ. "ಮೇಡಂ, ಮೂಡಬಿದ್ರೆ ಆಸ್ಪತ್ರೆಯ ಹಳೆ ಪ್ರೋಗ್ರಾಮನ್ನು ಹೊಸದು ಮಾಡ್ತಾ ಇದ್ದೇನೆ. ಮೇಲಿನ ಪಟ್ಟಿ ಒಂದು ಉಂಟಲ್ಲ, ಅದು ವಾಪಸ್ ಹೋಗುವ ಮುಂಚೆ ಸುಮ್ಮನೆ ಕಾಯ್ತದೆ. ಯಾಕೆ ಅಂತ ನೀವು ಬರೆದಿಲ್ಲ. ತೆಗೆದರೆ ಬೇಗ ಆಗ್ತದೆ. ತೆಗೀಲಾ?"

ಯಾರಿಗಾಗಿ ಅಂತ ಹೇಳಿದರೆ ಮಾತು ಮಂಗಳೂರಿನ ಆಫೀಸು ಸುತ್ತಿ ಮೂಡಬಿದ್ರೆಗೆ ತಲುಪುತ್ತದೆ. ಹೇಳದಿದ್ದರೆ ಇವಳು ತೆಗೆಯುತ್ತಾಳೆ, ತೆಗೆದ ಮರುದಿನವೇ ಲೀಲಕ್ಕ ಬಟ್ಟೆ ಕೋಣೆಗೆ. ಬೇಡ ಅಂತ ಸುಮ್ಮನೆ ಹೇಳಿದರೆ ಮುದುಕಿಯ ಹಠ ಅಂದುಕೊಂಡಾಳು. ನಾನಾದರೂ ಆ ವಯಸ್ಸಿನಲ್ಲಿ ಹಾಗೇ ಅಂದುಕೊಳ್ಳುತ್ತಿದ್ದೆ.

"ನೀನು ಆ ಆಸ್ಪತ್ರೆಗೆ ಹೋಗಿದ್ದೀಯಾ ಮಗಾ?" ಅಂತ ಕೇಳಿದೆ.

"ಇಲ್ಲ ಮೇಡಂ, ಇಲ್ಲಿಂದಲೇ ಮಾಡುವುದು."

"ನಾಳೆ ಬೆಳಿಗ್ಗೆ ಒಮ್ಮೆ ಹೋಗು. ಎರಡನೇ ಕೌಂಟರಿನ ಹತ್ತಿರ ಸ್ಟೂಲು ಹಾಕಿ ಕೂತುಕೋ. ಯಾರ ಹತ್ತಿರವೂ ಏನೂ ಕೇಳಬೇಡ, ಸುಮ್ಮನೆ ನೋಡು. ಆಮೇಲೆ ನಿನಗೆ ತೆಗೆಯಬೇಕು ಅಂತ ಕಂಡರೆ ತೆಗೆ."

"ಆಯ್ತು ಮೇಡಂ," ಅಂತ ಇಟ್ಟಳು.

ಮರುದಿನ ನನಗೆ ಊಟ ಸೇರಲಿಲ್ಲ. ಮಧ್ಯಾಹ್ನ ಅಡ್ಡಾದರೂ ಕಣ್ಣು ಮುಚ್ಚಲಿಲ್ಲ. ಈಗಿನ ಮಕ್ಕಳು ಫೋನಿನಿಂದ ತಲೆ ಎತ್ತುತ್ತಾರಾ, ಪರದೆ ಬಿಟ್ಟು ಕೆಳಗೆ ಕೈ ನೋಡುತ್ತಾರಾ, ಹೋಗದೆಯೇ ಹೋದೆ ಅಂತ ಹೇಳಿದರೆ ನಾನು ಎಂಥ ಮಾಡಲಿ ಅಂತ ಒಂದೇ ಸಮನೆ ಯೋಚನೆ. ಲೀಲಕ್ಕನಿಗೆ ಫೋನು ಮಾಡುವ ಧೈರ್ಯವೂ ಬರಲಿಲ್ಲ. ಸಂಜೆ ಅದೇ ನಂಬರು ಬಂತು.

"ಮೇಡಂ, ಹೋಗಿದ್ದೆ," ಅಂದಳು ಸಫ್ವಾನಾ. ಸ್ವರ ನಿನ್ನೆಯದಕ್ಕಿಂತಲೂ ಮೆತ್ತಗಿತ್ತು. "ಅದನ್ನು ತೆಗೆಯಲಿಲ್ಲ."

ನಾನು ಹೂಂ ಅಂದೆ.

"ಯಾರಿಗೂ ಹೇಳಲಿಲ್ಲ, ಹೇಳುವುದೂ ಇಲ್ಲ. ಮತ್ತೆ ಮೇಡಂ, ಆ ಕಾಯುವುದನ್ನು ಸ್ವಲ್ಪ ಜಾಸ್ತಿ ಮಾಡಿದ್ದೇನೆ. ಈಗ ಮೊದಲಿನಷ್ಟು ಸಾಕಾಗುದಿಲ್ಲ ಅವರಿಗೆ."

ಫೋನನ್ನು ಕಿವಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ. ನಾನು ಅತ್ತು ಮುಗಿಸುವ ತನಕ ಆ ಹುಡುಗಿ ಫೋನು ಇಡಲಿಲ್ಲ.